ಅಳತೆಗೆ ಕೂತ ಮಕ್ಕಳು

ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ಶಾಲೆಗಳಿಗೆ ನೀವು ಹೋದರೆ, ಬೀರುವಿನಲ್ಲಿ ಒಂದು ಸಾಮಾನು ತಪ್ಪದೆ ಕಾಣಿಸುತ್ತದೆ. ಊಟದ ಮಣೆಯನ್ನು ನೆನಪಿಸುವ ಒಂದು ಮರದ ಹಲಗೆ, ಅದರಲ್ಲಿ ಹತ್ತು ಗುಳಿಗಳು, ಆ ಗುಳಿಗಳಿಗೆ ಸರಿಯಾಗಿ ಕೂರುವ ಹತ್ತು ಮರದ ತುಂಡುಗಳು. ನಕ್ಷತ್ರ, ಶಿಲುಬೆ, ಚೌಕ, ತ್ರಿಕೋನ, ಅರ್ಧಚಂದ್ರದಂಥದ್ದೊಂದು, ಮೊಟ್ಟೆಯಂಥದ್ದೊಂದು, ಹೀಗೆ. ಮೊದಲ ಸಲ ಶಾಲೆಗೆ ಬರುವ ತಾಯಂದಿರು ಅದನ್ನು ಆಟದ ಸಾಮಾನು ಎಂದೇ ತಿಳಿಯುತ್ತಾರೆ. ಅವರು ತಿಳಿಯುವುದರಲ್ಲಿ ತಪ್ಪೇನಿಲ್ಲ, ಅದು ಹುಟ್ಟಿದ್ದೇ ಹಾಗೆ.

ಫ್ರಾನ್ಸಿನಲ್ಲಿ ಎಡ್ವರ್ಡ್ ಸೆಗ್ವಿನ್ ಎಂಬೊಬ್ಬ ವೈದ್ಯನಿದ್ದ. ಅವನ ಗುರು ಇಟಾರ್. 1800ರಲ್ಲಿ ಅವೆರಾನ್ ಎಂಬಲ್ಲಿ ಕಾಡಿನಿಂದ ಹಿಡಿದು ತಂದ ಮಾತು ಬಾರದ ಹುಡುಗನಿಗೆ ವರ್ಷಗಟ್ಟಲೆ ಪಾಠ ಹೇಳಿದ ಪುಣ್ಯಾತ್ಮ ಆತ. ಗುರುವಿನ ದಾರಿ ಹಿಡಿದ ಸೆಗ್ವಿನ್, ಎಲ್ಲರೂ ಕೈಬಿಟ್ಟ ಮಕ್ಕಳಿಗೆ ಕಣ್ಣು ಮತ್ತು ಕೈ ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಸಲು ಹಲಗೆ, ತುಂಡು, ಏಣಿಗಳನ್ನು ಬಳಸಿದ. 1850ರ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಅಲ್ಲೂ ಅದೇ ಕೆಲಸ ಮಾಡಿ, 1880ರಲ್ಲಿ ತೀರಿಕೊಂಡ. ಮುಂದೆ ಮಾರಿಯಾ ಮಾಂಟೆಸ್ಸರಿ ತನ್ನ ಶಾಲೆಯ ಸಾಮಾನುಗಳನ್ನು ರೂಪಿಸುವಾಗ ಇವನನ್ನೇ ಓದಿಕೊಂಡಿದ್ದಳು. ಆದರೆ ಅವನು ಸತ್ತ ಮೇಲೆ ಅವನ ಹಲಗೆಗೆ ಬೇರೆಯೇ ಗತಿ ಬಂತು. ಯಾರೋ ಅದರ ಪಕ್ಕದಲ್ಲಿ ಗಡಿಯಾರ ತಂದಿಟ್ಟರು. ಮಗು ಮೂರು ಸಲ ತುಂಡುಗಳನ್ನು ಜೋಡಿಸಬೇಕು, ಮೂರರಲ್ಲಿ ಬೇಗ ಮುಗಿಸಿದ ಹೊತ್ತನ್ನು ಸೆಕೆಂಡಿನಲ್ಲಿ ಬರೆದುಕೊಂಡು ಪಟ್ಟಿಗೆ ಹೋಲಿಸಬೇಕು. ಅಷ್ಟು ಸೆಕೆಂಡಿಗೆ ಇಷ್ಟು ವರ್ಷದ ಬುದ್ಧಿ. ಕಲಿಸುವ ಹಲಗೆ ಅಳೆಯುವ ಹಲಗೆಯಾಯಿತು. ನಮ್ಮ ಮಕ್ಕಳಿಗೆ ಹೊಂದುವ ಸೆಕೆಂಡಿನ ಪಟ್ಟಿ ತಯಾರಾದದ್ದು ಮೈಸೂರಿನಲ್ಲೇ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಜೆ. ಭರತ್‌ರಾಜ್ ಅವರು 1971ರಲ್ಲಿ ಅದನ್ನು ಪ್ರಕಟಿಸಿದರು.

ಈ ಹಲಗೆಯ ಕಥೆ ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಪೀಣ್ಯದ ಒತ್ತಿನಲ್ಲಿ ಇಂಥ ಮಕ್ಕಳಿಗೆ ಪಾಠ ಹೇಳಿ ಕಳೆದ ವರ್ಷಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಕಲಿಸುವುದಕ್ಕೆಂದು ಬಂದದ್ದು ಅಳೆಯುವುದಕ್ಕೆ ಹೊರಳಿಕೊಳ್ಳುತ್ತದೆ. ಅಪರೂಪಕ್ಕೊಮ್ಮೆ, ಯಾರಾದರೂ ಹಟ ಹಿಡಿದರೆ, ಅಳತೆಯೂ ಕಲಿಸುವುದರ ಕಡೆಗೆ ತಿರುಗುತ್ತದೆ.

ಅಳತೆ ಎಂದರೆ ಮೊದಲಿಗೆ ಬರುವ ಹೆಸರು ಆಲ್ಫ್ರೆಡ್ ಬಿನೆ. 1904ರಲ್ಲಿ ಫ್ರಾನ್ಸಿನ ವಿದ್ಯಾಇಲಾಖೆ ಒಂದು ಸಮಿತಿ ಮಾಡಿತು. ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂಬ ಕಾನೂನು ಅಲ್ಲಿ ಆಗಲೇ ಬಂದಿತ್ತು. ಬಂದವರಲ್ಲಿ ಪಾಠ ಹತ್ತದ ಮಕ್ಕಳೂ ಇದ್ದರು. ಯಾರಿಗೆ ಬೇರೆ ತರಗತಿ ಬೇಕು ಎಂದು ಗೊತ್ತುಮಾಡುವುದು ಹೇಗೆ? ಮೇಷ್ಟರ ಮಾತು ನಂಬಿದರೆ ತುಂಟರೆಲ್ಲ ದಡ್ಡರ ಲೆಕ್ಕಕ್ಕೆ ಹೋಗುತ್ತಾರೆ. ಅದಕ್ಕೆ ಬಿನೆ ಮತ್ತು ಅವನ ಜೊತೆಗಾರ ಸಿಮೋನ್ 1905ರಲ್ಲಿ ಮೂವತ್ತು ಪ್ರಶ್ನೆಗಳ ಒಂದು ಸರಣಿ ಮಾಡಿದರು. 1908ರಲ್ಲಿ ಅದನ್ನು ವಯಸ್ಸಿನ ಪ್ರಕಾರ ಜೋಡಿಸಿದರು: ಮೂರು ವರ್ಷದ ಮಗುವಿಗೆ ಇವು, ನಾಲ್ಕಕ್ಕೆ ಇವು, ಐದಕ್ಕೆ ಇವು. ಅದರಲ್ಲೊಂದು ಪ್ರಶ್ನೆ ನಮಗೆ ಹೆಂಗಸರಿಗೆ ನಗು ತರಿಸುವಂಥದ್ದು. ಹೆಂಗಸರ ಮುಖಗಳ ಚಿತ್ರವನ್ನು ಎರಡೆರಡಾಗಿ ತೋರಿಸಿ, ಇವರಲ್ಲಿ ಯಾರು ಚೆಂದ ಎಂದು ಮಗುವನ್ನು ಕೇಳಬೇಕು! ಚೆಂದದ್ದನ್ನು ಆರಿಸದ ಮಗುವಿಗೆ ಅಂಕವಿಲ್ಲ. ನೂರು ವರ್ಷದ ಹಿಂದೆಯೂ ನಮ್ಮ ಮೂಗಿನ ಅಳತೆಯಿಂದಲೇ ಮಕ್ಕಳ ಬುದ್ಧಿಯ ಅಳತೆಯೂ ಆಗಬೇಕಿತ್ತು.

ಬಿನೆ ಒಳ್ಳೆಯ ಮನುಷ್ಯ ಎಂದು ನನ್ನ ತೀರ್ಮಾನ. ಬುದ್ಧಿ ಎಂಬುದು ಹುಟ್ಟುವಾಗಲೇ ಅಳೆದು ಕೊಟ್ಟ ಪಡಿ, ಅದು ಹೆಚ್ಚೂ ಆಗದು ಕಡಿಮೆಯೂ ಆಗದು ಎನ್ನುವವರನ್ನು ಅವನು 1909ರ ತನ್ನ ಪುಸ್ತಕದಲ್ಲಿ ಖಂಡಿಸಿದ. ಹಿಂದುಳಿದ ಮಕ್ಕಳಿಗೆ ಗಮನ ನಿಲ್ಲಿಸುವುದನ್ನು ಕಲಿಸಲು ಕಸರತ್ತುಗಳನ್ನು ಹೇಳಿದ. ಅವುಗಳಲ್ಲೊಂದು, ಮೇಷ್ಟರು ಹೇಳಿದ ತಕ್ಷಣ ಇದ್ದ ಹಾಗೇ ಬೊಂಬೆಯಂತೆ ನಿಂತುಬಿಡುವುದು. ನಮ್ಮ ಮಕ್ಕಳು ಓಣಿಯಲ್ಲಿ ‘ಸ್ಟ್ಯಾಚ್ಯೂ’ ಎಂದು ಆಡುತ್ತಾರಲ್ಲ, ಅದೇ. ಅವನು 1911ರಲ್ಲಿ ತೀರಿಕೊಂಡ. ಆಮೇಲೆ ಅವನ ಪ್ರಶ್ನೆಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದವು, ಅವನ ಎಚ್ಚರಿಕೆ ಮಾತ್ರ ಬಂದರಿನಲ್ಲೇ ಉಳಿಯಿತು. ಜರ್ಮನಿಯ ಸ್ಟರ್ನ್ 1912ರಲ್ಲಿ ಬುದ್ಧಿಯ ವಯಸ್ಸನ್ನು ಹುಟ್ಟಿದ ವಯಸ್ಸಿನಿಂದ ಭಾಗಿಸಿದ. 1916ರಲ್ಲಿ ಸ್ಟ್ಯಾನ್‌ಫರ್ಡಿನ ಟರ್ಮನ್ ಅದನ್ನು ನೂರರಿಂದ ಗುಣಿಸಿದ. ಹೀಗೆ ಹುಟ್ಟಿದ್ದು ಐ.ಕ್ಯೂ. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನ ಶಾಲೆಯಲ್ಲಿದ್ದ ಗಾಡರ್ಡ್, ಕಡಿಮೆ ಅಂಕದವರು ಸಮಾಜಕ್ಕೆ ಅಪಾಯ ಎಂದು ಬರೆದ. ಇಂಥ ಮಾತುಗಳೆಲ್ಲ ಸೇರಿ ಎಲ್ಲಿಗೆ ಮುಟ್ಟಿತೆಂದರೆ, 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ‘ಮಂದಬುದ್ಧಿ’ಯವಳೆಂದು ಹಣೆಪಟ್ಟಿ ಹಚ್ಚಿದ ಒಬ್ಬ ಎಳೆಯ ತಾಯಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೀರ್ಪು ಕೊಟ್ಟಿತು. ಇಂಥ ಅಳತೆಯ ಕೊನೆಯ ಪೆಟ್ಟು ಹೆಣ್ಣಿನ ಗರ್ಭದ ಮೇಲೇ ಬಿದ್ದದ್ದು ನನಗೇನೂ ಆಶ್ಚರ್ಯ ತರಲಿಲ್ಲ.

ನಮ್ಮ ಕಡೆಗೆ ಈ ಅಳತೆಗೋಲು ಬಂದದ್ದು ಬೇರೆ ದಾರಿಯಲ್ಲಿ. ಲಾಹೋರಿನ ಕಾಲೇಜೊಂದರಲ್ಲಿದ್ದ ರೈಸ್ ಎಂಬವರು ಹಿಂದೂಸ್ತಾನಿ ಭಾಷೆಗೆ ಬಿನೆ ಪರೀಕ್ಷೆಯನ್ನು ಒಗ್ಗಿಸಿ 1929ರಲ್ಲಿ ಪುಸ್ತಕ ತಂದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಅದರ ಮುಖ್ಯಸ್ಥ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ ಆ ‘ಆಕಾಶವಾಣಿ’ ಗೋಪಾಲಸ್ವಾಮಿಯವರೇ ಇವರು.

ಆದರೆ ಕನ್ನಡದ ಮಗುವನ್ನು ಕನ್ನಡದಲ್ಲಿ ಕೂರಿಸಿ ಕೇಳುವ ಪೂರಾ ಬಿನೆ ಪರೀಕ್ಷೆಗೆ ಧಾರವಾಡದ ಕಡೆಯ ವಿ.ವಿ. ಕಾಮತರು ಬರಬೇಕಾಯಿತು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಕಡೆಯ ಶಾಲೆಗಳಲ್ಲಿ ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆಂದು ಅವರು ಬಿನೆ ಪ್ರಶ್ನೆಗಳನ್ನು ತಿದ್ದಿ, ಅಲ್ಲಿನ ಮಕ್ಕಳ ಮೇಲೇ ಒರೆಹಚ್ಚಿ, 1934ರಲ್ಲಿ ಇಂಗ್ಲೆಂಡಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. 1940ರಲ್ಲಿ ಅದು ಭಾರತೀಯ ಮಕ್ಕಳ ಬುದ್ಧಿಯ ಅಳತೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಪುಸ್ತಕವಾಗಿ ಬಂತು. ಬಿನೆ–ಕಾಮತ್ ಪರೀಕ್ಷೆ ಎಂದು ಇವತ್ತಿಗೂ ಆಸ್ಪತ್ರೆಯ ಚೀಟಿಗಳಲ್ಲಿ ಕಾಣಿಸುವ ಹೆಸರಿನ ಹಿಂದಿನ ಕಾಮತರು ಇವರು. ಆ ಕೆಲಸ ಸುಲಭದ್ದಲ್ಲ. ಪ್ಯಾರಿಸ್ಸಿನ ಮಗುವಿಗೆ ಸೂ ನಾಣ್ಯ ಕೊಟ್ಟು ಎಣಿಸು ಎಂದರೆ ಆಯಿತು. ಧಾರವಾಡದ ಮಗು ಕಂಡದ್ದು ಆಣೆ, ದುಡ್ಡು. ಯಾವ ಮಾತು ಐದು ವರ್ಷದ ಮಗುವಿಗೆ ತಿಳಿದಿರುತ್ತದೆ, ಯಾವುದು ಹತ್ತಕ್ಕೆ ಎಂದು ಕನ್ನಡದಲ್ಲಿ ಅದುವರೆಗೆ ಯಾರು ಲೆಕ್ಕ ಇಟ್ಟಿದ್ದರು?

ಪರೀಕ್ಷೆಯ ಲೆಕ್ಕ ಸರಳ. ಸಣ್ಣ ವಯಸ್ಸುಗಳಲ್ಲಿ ಒಂದೊಂದು ವರ್ಷಕ್ಕೆ ಆರು ಪ್ರಶ್ನೆ, ಒಂದು ಪ್ರಶ್ನೆಗೆ ಎರಡು ತಿಂಗಳ ಬುದ್ಧಿ. ಮಗು ಯಾವ ವರ್ಷದ ಆರನ್ನೂ ಹೇಳಿತೋ ಅದು ಬುಡ. ಅಲ್ಲಿಂದ ಮೇಲಕ್ಕೆ, ಒಂದು ವರ್ಷದ ಯಾವ ಪ್ರಶ್ನೆಗೂ ಉತ್ತರ ಬಾರದ ತನಕ ಕೇಳುತ್ತ ಹೋಗುವುದು. ಹತ್ತು ವರ್ಷದ ಹುಡುಗಿಗೆ ಬುದ್ಧಿಯ ವಯಸ್ಸು ಐದು ಎಂದು ಬಂದರೆ ಐವತ್ತು. ಅಷ್ಟೇ. 1930ರ ದಶಕದ ಧಾರವಾಡದ ಮಕ್ಕಳನ್ನು ಪಕ್ಕದಲ್ಲಿಟ್ಟುಕೊಂಡು, ಅವರ ಮೊಮ್ಮಕ್ಕಳ ಕಾಲದ ಬೆಂಗಳೂರಿನ ಮಕ್ಕಳನ್ನು ಅಳೆಯುತ್ತ ಬಂದೆವು. ಅಜ್ಜಿಯ ರವಿಕೆಯ ಅಳತೆಗೆ ಮೊಮ್ಮಗಳ ಚೂಡಿದಾರ ಹೊಲಿದ ಹಾಗೆ.

ನಾನು ಕೆಲಸಕ್ಕೆ ಸೇರಿದ ಶಾಲೆ ದಾಸರಹಳ್ಳಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿತ್ತು. ಅದು 1992. ಪೀಣ್ಯದ ಶೆಡ್ಡುಗಳಲ್ಲಿ ಲೇಥು ಓಡಿಸುವವರು, ಪ್ಲೇಟಿಂಗ್ ತೊಟ್ಟಿಯ ಮುಂದೆ ನಿಲ್ಲುವವರು, ಎರಕ ಹೊಯ್ಯುವವರು, ಇವರ ಮಕ್ಕಳು ನಮ್ಮವರು. ತಾಯಂದಿರಲ್ಲಿ ಅರ್ಧ ಮಂದಿ ಗಾರ್ಮೆಂಟ್ಸ್. ತುಮಕೂರು, ಮಂಡ್ಯ, ಹಾಸನದವರು ಮೊದಲು ಬಂದವರು. ಆಮೇಲೆ ರಾಯಚೂರು, ಗುಲ್ಬರ್ಗದ ಕಡೆಯವರು ಬಂದರು. ತೀರ ಈಚೆಗೆ ಒರಿಸ್ಸಾ, ಬಿಹಾರದವರು. ಒಬ್ಬೊಬ್ಬರೂ ಒಂದೊಂದು ಫೈಲು ಹಿಡಿದು ಬರುತ್ತಿದ್ದರು. ಫೈಲಿನ ಮೊದಲ ಹಾಳೆಯಲ್ಲಿ ಒಂದು ಅಂಕೆ.

ದೇವದುರ್ಗದ ಕಡೆಯ ಒಬ್ಬ ಹುಡುಗನ ಅಂಕೆ ನಲವತ್ತೆರಡು. ಹನ್ನೊಂದು ವರ್ಷ ಅವನಿಗೆ. ಅವನ ತಾಯಿ ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು: “ನಲವತ್ತೆರಡು ಅಂದ್ರ ಪಾಸ್ ಆದಂಗ ಅಲ್ಲೇನ್ರೀ ಟೀಚರ್? ಸಾಲ್ಯಾಗ ಮೂವತ್ತೈದಕ್ಕ ಪಾಸ್ ಮಾಡ್ತಾರಲ್ರೀ.” ಅವಳಿಗೆ ನಾನು ಏನು ಹೇಳಲಿ! ನೂರಕ್ಕೆ ನಲವತ್ತೆರಡಲ್ಲಮ್ಮ, ನೂರು ಎಂದರೆ ಎಲ್ಲರ ಹಾಗೆ ಇರುವುದು, ಇವನು ಅದಕ್ಕಿಂತ ಕೆಳಗಿದ್ದಾನೆ, ಎಂದು ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಮುಂದಿನ ವರ್ಸ ಮತ್ತ ಬರೀಬೌದೇನ್ರೀ?” ಎಂದಳು.

ಆ ಅಂಕೆ ಪೂರಾ ಸುಳ್ಳು ಎಂದು ನಾನು ಹೇಳುವುದಿಲ್ಲ. ಹುಡುಗ ನಿಜವಾಗಿಯೂ ನಿಧಾನ. ಮೂರರಾಚೆ ಎಣಿಕೆ ಬರುತ್ತಿರಲಿಲ್ಲ. ಆದರೆ ಪೊರಕೆ ತೋರಿಸು ಎಂದರೆ ಅವನು ಕಣ್ಣು ಬಿಟ್ಟುಕೊಂಡು ನಿಲ್ಲುತ್ತಿದ್ದ. ಅವರ ಮನೆಯಲ್ಲಿ ಅದು ಕಸಬಾರಿಗಿ. ತಟ್ಟೆ ಎಂದರೂ ಹಾಗೇ, ಅವನಿಗೆ ಗೊತ್ತಿದ್ದದ್ದು ತಾಟು. ಧಾರವಾಡದಲ್ಲಿ ಧಾರವಾಡದ ಮಕ್ಕಳಿಗಾಗಿ ಹುಟ್ಟಿದ ಪರೀಕ್ಷೆ ಬೆಂಗಳೂರಿಗೆ ಬಂದು ಬೆಂಗಳೂರಿನ ಕನ್ನಡ ಕಲಿತು, ಆ ಕನ್ನಡದಲ್ಲಿ ಉತ್ತರ ಕರ್ನಾಟಕದ ಹುಡುಗನನ್ನೇ ಪ್ರಶ್ನೆ ಕೇಳುತ್ತಿತ್ತು. ಕಾಮತರು ಇದ್ದಿದ್ದರೆ ಏನೆನ್ನುತ್ತಿದ್ದರೋ. ಅವನ ಅಪ್ಪ ಬೋಲ್ಟು ನಟ್ಟು ಮಾಡುವ ಶೆಡ್ಡಿನಲ್ಲಿದ್ದ. ತಿರಸ್ಕಾರಕ್ಕೆ ಬಿದ್ದ ಮಾಲನ್ನು ಒಂದು ಡಬ್ಬಿಯಲ್ಲಿ ಮನೆಗೆ ತರುತ್ತಿದ್ದ. ಹುಡುಗ ಆ ಡಬ್ಬಿಯನ್ನು ನೆಲಕ್ಕೆ ಸುರುವಿ, ಆರು ಎಂಎಂ ಒಂದು ಕಡೆ, ಎಂಟು ಎಂಎಂ ಒಂದು ಕಡೆ, ಕಣ್ಣಿನಿಂದ ನೋಡದೆ ಬೆರಳಿನಿಂದಲೇ ಬೇರೆ ಮಾಡುತ್ತಿದ್ದ. ನಾನು ನೋಡಿದ ಮೇಲೆ ಅದನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಫೈಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅಂಕೆಯ ಜೊತೆಗೆ ಇನ್ನೊಂದು ಪಟ್ಟಿಯೂ ಫೈಲಿನಲ್ಲಿರುತ್ತಿತ್ತು. ಅದು ನೇರವಾಗಿ ನಮಗೆ ಹೆಂಗಸರಿಗೆ ಸಂಬಂಧಪಟ್ಟದ್ದು. ಗಾಡರ್ಡ್ ಇದ್ದ ಅದೇ ವೈನ್‌ಲ್ಯಾಂಡ್ ಶಾಲೆಯಲ್ಲಿ ಮುಂದೆ ಬಂದ ಎಡ್ಗರ್ ಡಾಲ್, ಬರೀ ಬುದ್ಧಿ ಪರೀಕ್ಷೆಯಿಂದ ಒಬ್ಬರನ್ನು ಮಂದಬುದ್ಧಿಯವರೆನ್ನಲಾಗದು, ದಿನನಿತ್ಯದ ಬಾಳನ್ನು ಅವರು ಹೇಗೆ ನಡೆಸುತ್ತಾರೆ ನೋಡಬೇಕು ಎಂದು 1935ರಲ್ಲಿ ಒಂದು ಸಾಮಾಜಿಕ ಪಕ್ವತೆಯ ಪಟ್ಟಿ ಮಾಡಿದ. ನಾಗಪುರದಲ್ಲಿದ್ದ ಮಾಲಿನ್ ಅದನ್ನು ನಮ್ಮ ದೇಶಕ್ಕೆ ಒಗ್ಗಿಸಿದರು. ನಮ್ಮಲ್ಲಿ ನಡೆಯುವ ಪಟ್ಟಿಯಲ್ಲಿ 89 ಅಂಶ. ತಾನೇ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಬೀದಿಯಲ್ಲಿ ಒಬ್ಬನೇ ಓಡಾಡುತ್ತಾನೆಯೇ, ಸಣ್ಣಪುಟ್ಟ ಸಾಮಾನು ಕೊಂಡು ತರುತ್ತಾನೆಯೇ... ಹೀಗೆ. ಮಗುವನ್ನು ಕೇಳುವುದಲ್ಲ ಇವನ್ನು. ಕೇಳುವುದು ತಾಯಿಯನ್ನು. ಪರೀಕ್ಷೆ ಮಗುವಿನದು, ಉತ್ತರ ಬರೆಯುವವಳು ತಾಯಿ!

ತಾಯಂದಿರು ಎಷ್ಟು ಬಗೆ! ಒಬ್ಬಳಿಗೆ ಮಗನ ಬಗ್ಗೆ ಕೀಳಾಗಿ ಆಡಲು ಬಾಯೇ ಬಾರದು, “ಎಲ್ಲಾ ತಾನೇ ಮಾಡ್ಕೋತಾನೆ ಸಾರ್” ಎನ್ನುತ್ತಾಳೆ. ಇನ್ನೊಬ್ಬಳು ಸುಸ್ತಾಗಿ ಹೋಗಿರುತ್ತಾಳೆ, “ಏನೂ ಮಾಡಲ್ಲ” ಎಂದುಬಿಡುತ್ತಾಳೆ. ಮೂರನೆಯವಳು ಕೆಲಸಕ್ಕೆ ಹೋಗುವಾಗ ಮಗುವನ್ನು ಒಳಗೆ ಕೂಡಿ ಬೀಗ ಹಾಕಿ ಹೋಗುವವಳು. ಅವಳಿಗೆ ‘ಬೀದಿಯಲ್ಲಿ ಒಬ್ಬನೇ ಓಡಾಡುತ್ತಾನೆಯೇ’ ಎಂಬ ಪ್ರಶ್ನೆ. ತುಮಕೂರು ರಸ್ತೆಯ ಲಾರಿಗಳ ನಡುವೆ ಸರಿಯಾಗಿರುವ ಮಗುವನ್ನೇ ಯಾರು ಒಬ್ಬನೇ ಬಿಡುತ್ತಾರೆ? ಇಲ್ಲ ಎಂದರೆ ಮಗುವಿಗೆ ಸೊನ್ನೆ. ಲಾರಿಯ ತಪ್ಪಿಗೂ ಮಗುವೇ ಅಂಕ ಕಳೆದುಕೊಳ್ಳಬೇಕು.

ಮೊದಲು ಈ ಪಟ್ಟಿಗೆ ಅಷ್ಟು ತೂಕವಿರಲಿಲ್ಲ. 1995ರ ಕಾಯಿದೆ ಬಂದು ಶೇಕಡಾ 40 ಅಂಗವಿಕಲತೆ ಇದ್ದವರಿಗೆ ಸವಲತ್ತು ಎಂದಾದ ಮೇಲೆ, ಶೇಕಡಾ ಎಷ್ಟು ಎಂಬುದೇ ದೊಡ್ಡ ಮಾತಾಯಿತು. 2001ರ ಮಾರ್ಗಸೂಚಿಯಲ್ಲಿ ಐ.ಕ್ಯೂ. 50ರಿಂದ 69 ಇದ್ದರೆ ಶೇಕಡಾ 50, 35ರಿಂದ 49ಕ್ಕೆ 75, ಹೀಗೆ. ನಮ್ಮ ನಲವತ್ತೆರಡರ ಹುಡುಗ ಮುಕ್ಕಾಲು ಪಾಲು ಅಂಗವಿಕಲ ಎಂದಾದದ್ದು ಈ ಲೆಕ್ಕದಿಂದ. ಮುಂದೆ 2016ರ ಹೊಸ ಕಾಯಿದೆ, ಅದರ ಹಿಂದೆಯೇ 2018ರ ಜನವರಿಯ ಅಧಿಸೂಚನೆ. ಅದರಲ್ಲಿ ಬುದ್ಧಿ ಪರೀಕ್ಷೆಯೂ ಇದ್ದರೂ, ಶೇಕಡಾ ಲೆಕ್ಕ ನಿಂತದ್ದು ತಾಯಿಯ ಬಾಯಿಂದ ಬರುವ ಆ ವೈನ್‌ಲ್ಯಾಂಡ್ ಪಟ್ಟಿಯ ಅಂಕದ ಮೇಲೆ: 55ರಿಂದ 69 ಬಂದರೆ ಶೇಕಡಾ 50, 70ರಿಂದ 84 ಬಂದರೆ ಶೇಕಡಾ 25. ಅರವತ್ತೊಂಬತ್ತಕ್ಕೆ ಮಾಸಾಶನ, ಬಸ್ ಪಾಸು. ಎಪ್ಪತ್ತಕ್ಕೆ ಏನೂ ಇಲ್ಲ.

ಒಂದು ಶಿಬಿರದಲ್ಲಿ ನಾನು ಕಂಡದ್ದು ಹೇಳುತ್ತೇನೆ, ಊರು ಬೇಡ. ಸಾಲಿನಲ್ಲಿ ನನ್ನ ಮುಂದಿದ್ದ ತಾಯಿ ಬೆಳಿಗ್ಗೆಯಿಂದ ಮಗನಿಗೆ ತಲೆ ಬಾಚಿ, ಇಸ್ತ್ರಿ ಅಂಗಿ ತೊಡಿಸಿ, ‘ನಮಸ್ಕಾರ ಸಾರ್’ ಎನ್ನಲು ಹೇಳಿಕೊಟ್ಟು ಕರೆತಂದಿದ್ದಳು. ಮಗ ಚೆನ್ನಾಗಿ ನಮಸ್ಕಾರ ಮಾಡಿದ. ಕೇಳಿದ್ದಕ್ಕೆಲ್ಲ ಅವಳು ಹೌದು ಹೌದು ಎಂದಳು. ಹತ್ತು ನಿಮಿಷದಲ್ಲಿ ಮುಗಿಯಿತು, ಚೀಟಿಯಲ್ಲಿ ಇಪ್ಪತ್ತೈದು ಬಿತ್ತು. ಹೊರಗೆ ಬಂದ ಮೇಲೆ ಪಕ್ಕದವಳು, “ಅಯ್ಯೋ, ಏನೂ ಬರಲ್ಲ ಅನ್ಬೇಕಿತ್ತು ಕಣೇ” ಎಂದಳು. ಅವಳು ಹಾಗೆ ಹೇಳಿದ್ದು ಸುಳ್ಳು ಹೇಳಿಕೊಡಲು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಗಂಡಿನ ಮನೆಯವರ ಮುಂದೆ ಮಗಳಿಗೆ ಎಲ್ಲ ಬರುತ್ತದೆ ಎನ್ನುವುದನ್ನೂ, ಸರ್ಕಾರದ ಮುಂದೆ ಏನೂ ಬರುವುದಿಲ್ಲ ಎನ್ನುವುದನ್ನೂ ನಮ್ಮ ಹೆಂಗಸರು ಬದುಕಿಗಾಗಿ ಕಲಿತಿದ್ದಾರೆ. ಹತ್ತು ನಿಮಿಷದಲ್ಲಿ ಕೇಳುವ ಕ್ರಮವೇ ತಪ್ಪು. ತಾಯಿ ಹೇಳಿದ್ದನ್ನು ತಿರುಗಿಸಿ ಕೇಳಬೇಕು: ಸ್ನಾನ ತಾನೇ ಮಾಡುತ್ತಾನೆ ಸರಿ, ನೀರು ಬೆರೆಸುವವರು ಯಾರು? ತಲೆಯ ಸೋಪು ಹೋಗಿದೆಯೋ ಇಲ್ಲವೋ ನೋಡುವವರು ಯಾರು?

ಹೀಗೆ ಒಂದು ಸ್ನಾನವನ್ನು ಬಿಡಿಸಿ ಬಿಡಿಸಿ ಕೇಳುವುದೇ ತರಗತಿಯೊಳಗಿನ ಅಳತೆ. ಇದು ಬಂದದ್ದು ಬೇರೆ ಕಡೆಯಿಂದ. ಮದರಾಸಿನ ವಿಜಯ್ ಹ್ಯೂಮನ್ ಸರ್ವಿಸಸ್ ಸಂಸ್ಥೆಯವರು 18 ವಿಭಾಗ, ಒಂದೊಂದರಲ್ಲಿ 20 ಅಂಶ, ಒಟ್ಟು 360 ಅಂಶಗಳ ಒಂದು ಪಟ್ಟಿ ಮಾಡಿದ್ದರು. ಸುಲಭದಿಂದ ಕಷ್ಟಕ್ಕೆ ಏಣಿಯ ಹಾಗೆ. ಸಿಕಂದರಾಬಾದಿನಲ್ಲಿ 1984ರಲ್ಲಿ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ ಶುರುವಾದ ಮೇಲೆ ಅಲ್ಲಿಂದಲೂ ಶಿಕ್ಷಕಿಯರಿಗೆಂದೇ ಪಟ್ಟಿಗಳು ಬಂದವು. 1992ರಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಮಾಡಿದ ಪಟ್ಟಿಯಲ್ಲಿ ಅಂಕ ಹೀಗೆ: ತಾನೇ ಮಾಡಿದರೆ ಐದು, ಸನ್ನೆ ಮಾಡಿದರೆ ಮಾಡುವುದಕ್ಕೆ ನಾಲ್ಕು, ಬಾಯಲ್ಲಿ ಹೇಳಿಕೊಡಬೇಕಾದರೆ ಮೂರು, ಕೈಹಿಡಿದು ಮಾಡಿಸಬೇಕಾದರೆ ಎರಡು, ಪೂರಾ ಬೇರೆಯವರೇ ಮಾಡಬೇಕಾದರೆ ಒಂದು. ಅದನ್ನು ಮೊದಲ ಸಲ ಓದಿದ ದಿನ ನನಗೆ ಎಂಥ ಖುಷಿ! ನಮ್ಮ ಅಜ್ಜಿ ನನಗೆ ರಂಗೋಲಿ ಕಲಿಸಿದ್ದೂ ಹೀಗೇ. ಮೊದಲು ಕೈಹಿಡಿದು, ಆಮೇಲೆ ಬಾಯಲ್ಲಿ, ಆಮೇಲೆ ಕಣ್ಣಲ್ಲಿ, ಕಡೆಗೆ ಒಳಗೆ ಹೋಗಿ ಕಾಫಿಗೆ ನೀರಿಟ್ಟು.

ಬುದ್ಧಿ ಪರೀಕ್ಷೆ ಈ ಮಗುವನ್ನು ಬೇರೆ ಮಕ್ಕಳ ಪಕ್ಕದಲ್ಲಿಟ್ಟು ನೋಡುತ್ತದೆ. ಈ ಪಟ್ಟಿ ಅದೇ ಮಗುವನ್ನು ಜೂನ್ ತಿಂಗಳ ತನ್ನ ಪಕ್ಕದಲ್ಲೇ ಇಟ್ಟು ನೋಡುತ್ತದೆ. ಮೂರು ತಿಂಗಳಿಗೊಮ್ಮೆ ಗುರುತು. ನಮ್ಮ ತರಗತಿಯಲ್ಲಿ ಬರುವುದಕ್ಕೆ ನೀಲಿ, ಬಾರದ್ದಕ್ಕೆ ಕೆಂಪು ಪೆನ್ಸಿಲ್ ಹಚ್ಚುತ್ತಿದ್ದೆವು. ಅಕ್ಷರ ಬಾರದ ತಾಯಿಗೂ ನೀಲಿ ಎಷ್ಟು ಮೇಲೆ ಹತ್ತಿದೆ ಎಂದು ಕಾಣುತ್ತಿತ್ತು.

ಒಬ್ಬ ಹುಡುಗಿಯ ವಿಷಯ ಹೇಳಬೇಕು. ಹದಿಮೂರು ವರ್ಷ, ಹೊರಗಾಗಲು ಶುರುವಾಗಿ ಮೂರು ತಿಂಗಳು. ಪ್ರತಿ ತಿಂಗಳೂ ಐದು ದಿನ ಅವಳ ತಾಯಿ ಗಾರ್ಮೆಂಟ್ಸಿಗೆ ರಜೆ ಹಾಕಬೇಕು, ಸಂಬಳ ಕಡಿತ. ಆರನೆಯ ತಿಂಗಳು ಕೆಲಸವೇ ಹೋಗುವ ಮಾತು ಬಂತು. ಗರ್ಭಕೋಶ ತೆಗೆಸಿಬಿಡಿ, ತಾಪತ್ರಯ ಇರುವುದಿಲ್ಲ ಎಂದು ಬಂಧುಗಳು ಹೇಳಿದ್ದರಂತೆ. ಡಾಲ್‌ನ ಪಟ್ಟಿಯ 89 ಅಂಶಗಳಲ್ಲಿ ಇದರ ಮಾತೇ ಇಲ್ಲ. ಮುಟ್ಟಿನ ಚಿಂತೆ ಪಟ್ಟಿ ಮಾಡುವವರಿಗೆ ಹೊಳೆದಿರಲಾರದು. ನಾವು ಮೂವರು ಶಿಕ್ಷಕಿಯರು ಕೂತು ಅದನ್ನು ಒಂಬತ್ತು ಹಂತಗಳಾಗಿ ಬರೆದೆವು. ಕಲೆ ಗುರುತಿಸುವುದು, ಬಂದು ಹೇಳುವುದು, ಬಾಗಿಲು ಹಾಕಿಕೊಳ್ಳುವುದು, ತೆಗೆಯುವುದು, ಕಾಗದದಲ್ಲಿ ಸುತ್ತುವುದು, ಬುಟ್ಟಿಗೆ ಹಾಕುವುದು, ತೊಳೆದುಕೊಳ್ಳುವುದು, ಹೊಸದು ಇಟ್ಟುಕೊಳ್ಳುವುದು, ಕೈ ತೊಳೆಯುವುದು. ಬೊಂಬೆಗೆ ಚಡ್ಡಿ ಹಾಕಿ, ಕೆಂಪು ಶಾಯಿ ಹಚ್ಚಿ ಅಭ್ಯಾಸ ಮಾಡಿಸಿದೆವು. ಜೂನ್‌ನಲ್ಲಿ ಅವಳಿಗೆ ತಾನಾಗಿ ಬರುತ್ತಿದ್ದದ್ದು ಎರಡು ಹಂತ. ಡಿಸೆಂಬರಿಗೆ ಐದು. ಬಾಕಿ ನಾಲ್ಕರಲ್ಲಿ ಎರಡಕ್ಕೆ ಬಾಯಿಮಾತು, ಎರಡಕ್ಕೆ ಕೈ. ಪೂರಾ ಒಂಬತ್ತಕ್ಕೆ ಎರಡು ವರ್ಷ ಹಿಡಿಯಿತು. ಆಪರೇಷನ್ನಿನ ಮಾತು ನಿಂತಿತು, ತಾಯಿಯ ಕೆಲಸ ಉಳಿಯಿತು. ಆ ಎರಡು ವರ್ಷಗಳ ಕೊನೆಗೆ ಮತ್ತೊಮ್ಮೆ ಬುದ್ಧಿ ಪರೀಕ್ಷೆ ಮಾಡಿಸಿದಾಗ ಅಂಕೆ ಮೊದಲಿನದ್ದೇ, ಒಂದು ಕಡಿಮೆ.

ಇದನ್ನೇ ಸಾಮಾನ್ಯ ಶಾಲೆಯವರೂ ನಿಧಾನವಾಗಿ ಕಲಿತರು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ–ಕಲಿಯಲ್ಲಿ ಮಗು ತನ್ನ ಮೆಟ್ಟಿಲು ತಾನೇ ಹತ್ತುತ್ತದೆ, ಪರೀಕ್ಷೆ ಎಂದು ಬೇರೆ ಇಲ್ಲ, ಮೆಟ್ಟಿಲೇ ಪರೀಕ್ಷೆ. ಆಮೇಲೆ ಬಂದ ಎಫ್‌ಎ, ಎಸ್‌ಎ, ಕೃತಿ ಸಂಪುಟಗಳ ಗದ್ದಲ ನಿಮಗೆಲ್ಲ ಮನೆಯಲ್ಲೇ ಗೊತ್ತಿದೆ. ಕೃತಿ ಸಂಪುಟಕ್ಕೆಂದು ರಾತ್ರಿ ಹನ್ನೊಂದಕ್ಕೆ ಥರ್ಮಾಕೋಲು ಕತ್ತರಿಸಿದವರು ಮಕ್ಕಳಲ್ಲವಲ್ಲ! ನಮ್ಮ ಶಾಲೆಯಲ್ಲಿ ಆ ತೊಂದರೆ ಇರಲಿಲ್ಲ. ನಮ್ಮ ಮಕ್ಕಳ ಗೀಟನ್ನು ಯಾವ ತಾಯಿಯೂ ನಕಲು ಮಾಡಲಾರಳು.

2008ರ ನಂತರ ಕೆಲವು ವರ್ಷ ನಾನು ವಾರಕ್ಕೆರಡು ದಿನ ಊರಿನ ಇನ್ನೊಂದು ತುದಿಗೆ, ವೈಟ್‌ಫೀಲ್ಡಿನ ಕಡೆಯ ಒಂದು ಕೇಂದ್ರಕ್ಕೆ ಹೋಗುತ್ತಿದ್ದೆ. 1882ರಲ್ಲಿ ಆಂಗ್ಲೋ ಇಂಡಿಯನ್ನರಿಗೆಂದು ಮಹಾರಾಜರು ಕೊಟ್ಟ ಜಮೀನಿನಲ್ಲಿ ಹುಟ್ಟಿದ ಊರು ಅದು. 1990ರ ದಶಕದ ಕೊನೆಗೆ ಅಲ್ಲಿ ಐಟಿಪಿಎಲ್ ಗಾಜಿನ ಕಟ್ಟಡ ಎದ್ದ ಮೇಲೆ ಎಲ್ಲವೂ ಬದಲಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯೂ ಹಾಗೇ. 1978ರಲ್ಲಿ ಕಿಯೋನಿಕ್ಸ್ ಮೂಲಕ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಶುರುಮಾಡಿದಾಗ ಅದು ರಾಗಿ ಹೊಲದ ಊರು. ಇಲ್ಲಿಯ ಮಕ್ಕಳ ಫೈಲು ಎಂದರೆ ಸುರುಳಿ ಕಟ್ಟಿದ ಇಪ್ಪತ್ತು ಪುಟ, ಪೂರಾ ಇಂಗ್ಲಿಷು, ಬಣ್ಣದ ನಕ್ಷೆ ಬೇರೆ. ಇಂಜಿನಿಯರ್ ತಾಯಿ ಮಾತಿನ ಮಟ್ಟ ಎಷ್ಟನೆಯ ಪರ್ಸೆಂಟೈಲ್, ಕೈಚಳಕ ಎಷ್ಟನೆಯದು ಎಂದು ಕೇಳುತ್ತಾಳೆ. ಆಟಿಸಂ ಇದ್ದವರಿಗೆ 2009ರಲ್ಲಿ ನಮ್ಮ ದೇಶದ್ದೇ ನಲವತ್ತು ಅಂಶದ ಪಟ್ಟಿಯೂ ಬಂತು, ಅದನ್ನೂ ಓದಿಕೊಂಡು ಬಂದಿರುತ್ತಾಳೆ. ಎಲ್ಲ ಮುಗಿದ ಮೇಲೆ ಫೈಲು ಮುಚ್ಚಿ ಅವಳು ಮೆಲ್ಲಗೆ ಕೇಳುವುದು ಮಾತ್ರ ಅದೇ ಮಾತು: “ಮ್ಯಾಮ್, ನಾರ್ಮಲ್ ಸ್ಕೂಲಿಗೆ ಪಾಸ್ ಆಗ್ತಾನಾ?” ದೇವದುರ್ಗದವಳೂ ಕೇಳಿದ್ದು ಇದನ್ನೇ ಅಲ್ಲವೆ. ಅದೇ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವವಳಿಗೂ ಮಾತು ಬಾರದ ಮಗಳಿದ್ದಳು, ಆರು ವರ್ಷ. ಆ ಮಗುವಿನ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ಯಾರೂ ಅಳೆಯದೆ ಬಿಟ್ಟ ಮಕ್ಕಳನ್ನು ನೋಡಿದಾಗಲೇ ನನಗೆ ಆ ಹಳೆಯ ಕಾಮತ್ ಪರೀಕ್ಷೆಯ ಬೆಲೆಯೂ ತಿಳಿದದ್ದು. ಅಂಕೆ ತಪ್ಪಿದ್ದರೂ ಹಾಳೆಯೊಂದು ಇದ್ದರೆ ಬಾಗಿಲು ತಟ್ಟಬಹುದು.

ಈಗ ಹೆಸರುಗಳೆಲ್ಲ ಬದಲಾಗಿವೆ. ಬುದ್ಧಿಮಾಂದ್ಯ ಎನ್ನುವುದಿಲ್ಲ, 2016ರ ಕಾಯಿದೆಯಲ್ಲಿ ಅದು ಬೌದ್ಧಿಕ ಅಸಾಮರ್ಥ್ಯ. ಸಿಕಂದರಾಬಾದಿನ ಸಂಸ್ಥೆಯ ಹೆಸರೂ ಬದಲಾಯಿತು. ಹಸಿರು, ಹಳದಿ ಪುಸ್ತಕಗಳು ಹೋಗಿ ಯುಡಿಐಡಿ ಕಾರ್ಡು ಬಂದಿದೆ. ದೇವದುರ್ಗದ ಹುಡುಗ ಇಪ್ಪತ್ತರ ಹೊತ್ತಿಗೆ ಪೀಣ್ಯದಲ್ಲೇ ಒಂದು ಪ್ಯಾಕಿಂಗ್ ಶೆಡ್ಡಿಗೆ ಸೇರಿದ್ದ. ಎಣಿಕೆ ಬಾರದವನಿಗೆ ಹನ್ನೆರಡು ಗುಳಿಯ ಮೊಟ್ಟೆಯ ತಟ್ಟೆ ಕೊಟ್ಟಿದ್ದರು: ಗುಳಿ ತುಂಬಿದರೆ ಡಜನ್, ಪೊಟ್ಟಣಕ್ಕೆ ಸುರುವು.

2019ರಲ್ಲಿ ಅವನ ಹೊಸ ಕಾರ್ಡಿಗೆ ನಾನೂ ಜೊತೆಗೆ ಹೋಗಿದ್ದೆ. ಆಗ ಅವನಿಗೆ ಮೂವತ್ತೇಳು. ಅದೇ ಪಟ್ಟಿ. ಅದರ ಪ್ರಶ್ನೆಗಳು ಹದಿನೈದು ವರ್ಷಕ್ಕೆ ಮುಗಿದುಹೋಗುತ್ತವೆ. ಉತ್ತರ ಹೇಳುವ ಕುರ್ಚಿಯಲ್ಲಿ ಅವನ ತಾಯಿ ಇರಲಿಲ್ಲ, ಆಕೆ ಹಿಂದಿನ ವರ್ಷ ತೀರಿಕೊಂಡಿದ್ದಳು. ತಮ್ಮನ ಹೆಂಡತಿ ಬಂದಿದ್ದಳು, ಮದುವೆಯಾಗಿ ಎರಡು ವರ್ಷದವಳು, ಬಗಲಲ್ಲಿ ಕೂಸು. ತಾನೇ ಉಣ್ಣುತ್ತಾನೆಯೇ ಎಂದು ಕೇಳಿದರು. “ಉಣ್ತಾರ್ರೀ.” ಬಟ್ಟೆ? “ಹಾಕ್ಕೋತಾರ್ರೀ. ಗುಂಡಿ ನಾ ಹಚ್ಚತೀನಿ.” ದುಡ್ಡು ಲೆಕ್ಕ ಹಾಕುತ್ತಾನೆಯೇ? ಅವಳು ಅವನ ಕಡೆ ನೋಡಿದಳು. ಅವನು ಜೇಬಿನಿಂದ ಚಿಲ್ಲರೆ ತೆಗೆದು, ಬೆರಳಿನಿಂದಲೇ ಸವರಿ, ಹತ್ತರ ನಾಣ್ಯ ಬೇರೆ, ಐದರದು ಬೇರೆ ಮಾಡಿ ಮೇಜಿನ ಮೇಲಿಟ್ಟ. ಕೇಳುತ್ತಿದ್ದವರು ಅದನ್ನು ನೋಡಿ, ಸ್ವಲ್ಪ ಯೋಚಿಸಿ, ಎಲ್ಲಿ ಬರೆಯುವುದೆಂದು ಹಾಳೆ ತಿರುವಿದರು.